ಊರಾಚೆಯ ಮನೆಗೆ ಲೇಸರ್ ಕಟರ್: ಕೆಟ್ಟುಹೋಗುವ ದಿನದಿಂದ ಲೆಕ್ಕ ಶುರು ಮಾಡಿ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ 20 ಕಿಲೋಮೀಟರ್. ಅಲ್ಲಿಂದ ಮಣ್ಣು ರಸ್ತೆಯಲ್ಲಿ ಮತ್ತೆ ಮೂರು. ಕೊರಿಯರ್‌ನವರು ಪೇಟೆಯಿಂದಲೇ ಫೋನ್ ಮಾಡಿ "ಬಂದು ತಗೊಂಡು ಹೋಗಿ ಸಾರ್" ಅನ್ನುತ್ತಾರೆ. ಆ ಫೋನ್ ತಾಗಬೇಕಾದರೂ ನಾನು ಗುಡ್ಡದ ಮೇಲಿರಬೇಕು.

ಇಂಥ ಜಾಗದಲ್ಲಿ ಕೂತು ನಾನು ಮೊದಲು ಕೊಂಡದ್ದು ಕೆ40 ಅನ್ನುವ ಲೇಸರ್ ಕಟರ್, ಗಾಜಿನ ಟ್ಯೂಬಿನಿಂದ ಬರುವ ಬೆಳಕಿನಲ್ಲಿ ಮರ, ಅಕ್ರಿಲಿಕ್ ಪ್ಲಾಸ್ಟಿಕ್ ಕತ್ತರಿಸುವ ಮೆಷಿನ್. ಐದು ತಿಂಗಳು ಬೆಣ್ಣೆ ಕತ್ತರಿಸಿದ ಹಾಗೆ ಅಕ್ರಿಲಿಕ್ ಕತ್ತರಿಸಿತು. ಆರಿದ್ರಾ ಮಳೆ ಹಿಡಿದ ಮೂರನೇ ದಿನ ಒಳಗೆ ಚಟಚಟ ಕಿಡಿ ಹಾರಿತು, ಟ್ಯೂಬ್ ಹೋಯಿತು. ಹೊಸ ಟ್ಯೂಬ್ ತರಿಸಿದೆ. ಪೆಟ್ಟಿಗೆ ಅಲ್ಲಾಡಿಸಿದರೆ ಬಳೆ ಅಂಗಡಿಯ ಸದ್ದು. ಅದನ್ನು ವಾಪಸ್ ಕಳಿಸಿ, ಜಗಳ ಆಡಿ, ಇನ್ನೊಂದು ಬರುವಷ್ಟರಲ್ಲಿ ದೀಪಾವಳಿ. ಅಷ್ಟು ದಿನ ಮೆಷಿನ್ ಗೋಣಿಚೀಲ ಹೊದ್ದು ಜಗಲಿಯಲ್ಲಿ ಕೂತಿತ್ತು. ಬೆಕ್ಕಿಗೆ ಮಲಗಲು ಒಳ್ಳೆ ಜಾಗ ಆಯಿತು.

ಪೇಟೆಯಲ್ಲಿರುವವರು "ಯಾವ ಮೆಷಿನ್ ಏನೇನು ಕತ್ತರಿಸುತ್ತೆ" ಅಂತ ನೋಡಿ ಕೊಳ್ಳಬಹುದು. ನಾವು "ಇದು ಕೆಟ್ಟ ದಿನ ನಾನು ಏನು ಮಾಡಬೇಕಾಗುತ್ತೆ" ಅಂತ ಕೇಳಿಕೊಂಡು ಕೊಳ್ಳಬೇಕು. ಮುಂದೆ ಬರೆದದ್ದೆಲ್ಲ ಆ ಒಂದು ಪ್ರಶ್ನೆ ಹಿಡಿದುಕೊಂಡು ಬರೆದದ್ದು.

ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಮುಂದಿನ ಆರು ತಿಂಗಳಲ್ಲಿ ನಿಜವಾಗಿ ಮಾಡುವ ಹತ್ತು ವಸ್ತು ಬರೆಯಿರಿ. ಆಸೆಪಟ್ಟದ್ದಲ್ಲ, ಮಾಡುವಂಥದ್ದು. ನನ್ನ ಪಟ್ಟಿಯಲ್ಲಿದ್ದ ಕೆಲವು: ಮನೆಯ ಹೆಸರಿನ ಫಲಕ, ಮಕ್ಕಳ ಶಾಲೆಗೆ ಹಲ್ಲಿನ ಚಕ್ರದ ಮಾದರಿ, ಜೇನು ಡಬ್ಬಿಗೆ ನಂಬರ್ ಪಟ್ಟಿ, ಗೃಹಪ್ರವೇಶಕ್ಕೆ ಕೊಡುವ ಉಡುಗೊರೆ, ಯಕ್ಷಗಾನದ ವೇಷಕ್ಕೆ ತೆಳು ಮರದ ಚಿತ್ತಾರ, ಹಾಳೆ ತಟ್ಟೆಯ ಮೇಲೆ ಹೆಸರು. ಹತ್ತರಲ್ಲಿ ಎಂಟು ಮರ, ಹಾಳೆಯಂಥವು. ಪಾರದರ್ಶಕ ಅಕ್ರಿಲಿಕ್ ಎರಡೇ ಎರಡು. ಆ ಎರಡಕ್ಕೋಸ್ಕರ ನಾನು ಗಾಜಿನ ಟ್ಯೂಬ್ ತಂದಿದ್ದೆ!

ಪಟ್ಟಿ ಆದಮೇಲೆ ಅದರಲ್ಲಿ ಎರಡು ಮೂರು ಕೆಲಸ ಹೊರಗೆ ಮಾಡಿಸಿ ನೋಡಿ. ಶಿವಮೊಗ್ಗದಂಥ ಊರಲ್ಲಿ ಬೋರ್ಡ್ ಮಾಡುವ ಅಂಗಡಿಗಳಲ್ಲಿ ದೊಡ್ಡ ಲೇಸರ್ ಮೆಷಿನ್ ಇರುತ್ತದೆ. ನಿಮಿಷದ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಫೈಲ್ ವಾಟ್ಸಾಪ್ ಮಾಡಿ, ಸಾಮಾನು ಬಸ್ಸಿಗೆ ಹಾಕಿಸಿ. ಮೂರು ಸಲ ಮಾಡಿಸಿದಮೇಲೂ ಸ್ವಂತ ಮೆಷಿನ್ ಬೇಕು ಅನ್ನಿಸಿದರೆ ಮುಂದೆ ಓದಿ. ಅನ್ನಿಸದಿದ್ದರೆ ದುಡ್ಡು ಉಳಿಯಿತು, ಅಲ್ವಾ?

ಒಂದು ವಾರ ಕರೆಂಟು ಅಳೆಯಿರಿ

ಒಂದು ಮಲ್ಟಿಮೀಟರ್ ತನ್ನಿ. ಬೆಳಿಗ್ಗೆ, ಪಂಪ್‌ಸೆಟ್ ಓಡುವ ಹೊತ್ತು, ಸಂಜೆ 7 ಗಂಟೆ, ರಾತ್ರಿ ಮಲಗುವ ಮುಂಚೆ ಅಳೆದು ಬರೆದಿಡಿ. 230 ಇರಬೇಕಾದಲ್ಲಿ ನಮ್ಮನೆಯಲ್ಲಿ ಸಂಜೆ 170ಕ್ಕೆ ಇಳಿಯುತ್ತದೆ. ಎಷ್ಟು ಸಲ ಹೋಯಿತು, ಹೋದದ್ದು ಎಷ್ಟು ಹೊತ್ತಿಗೆ ಬಂತು ಅಂತಲೂ ಬರೆಯಿರಿ. ಈ ಹಾಳೆ ಜಾಹೀರಾತಿಗಿಂತ ಜಾಸ್ತಿ ಹೇಳುತ್ತದೆ.

ಲೇಸರ್ ಕಟರ್‌ನಲ್ಲಿ ಇನ್ನೊಂದು ಬಗೆ ಡಯೋಡ್, ಅದಕ್ಕೆ ಗಾಜಿನ ಟ್ಯೂಬ್ ಇಲ್ಲ, ಬೆಳಕು ಬರುವುದು ಚಿಕ್ಕ ಚಿಪ್‌ನಿಂದ. ಡಯೋಡ್ ಲೇಸರ್‌ಗಳು 12 ಅಥವಾ 24 ವೋಲ್ಟ್ ಅಡಾಪ್ಟರ್‌ನಲ್ಲಿ ಓಡುತ್ತವೆ. ಅಡಾಪ್ಟರ್ ಮೇಲಿನ ಚೀಟಿ ಓದಿ. 100ರಿಂದ 240 ವೋಲ್ಟ್ ಅಂತ ಇದ್ದರೆ 170ಕ್ಕೆ ಇಳಿದರೂ ಅದಕ್ಕೆ ಚಿಂತೆಯಿಲ್ಲ. ಗಾಜಿನ ಟ್ಯೂಬಿನ ಮೆಷಿನ್ ಹಾಗಲ್ಲ. ಅದರ ಪವರ್ ಸಪ್ಲೈ 220 ವೋಲ್ಟ್ ನಂಬಿ ಕೂತಿರುತ್ತದೆ, ಒಳಗೆ ಅದನ್ನು ಸಾವಿರಗಟ್ಟಲೆ ವೋಲ್ಟಿಗೆ ಏರಿಸುತ್ತದೆ. ಅದಕ್ಕೆ ಒಳ್ಳೆ ಸ್ಟೆಬಿಲೈಸರ್ ಇಲ್ಲದೆ ಹಳ್ಳಿಯಲ್ಲಿ ಇಡಬೇಡಿ.

ಇನ್ನು ಯುಪಿಎಸ್ ಲೆಕ್ಕ. ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ 12 ವೋಲ್ಟ್, 150 ಎಎಚ್ ಬ್ಯಾಟರಿ. ಗುಣಿಸಿದರೆ 1800 ವ್ಯಾಟ್ ಅವರ್. ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರ್ ಕೂಡ ಸ್ವಲ್ಪ ತಿನ್ನುತ್ತದೆ. ಕೈಗೆ ಸಿಗುವುದು 900 ಅಂತ ಇಟ್ಟುಕೊಳ್ಳಿ. 20 ವ್ಯಾಟ್ ಡಯೋಡ್ ಮೆಷಿನ್, ಗಾಳಿ ಪಂಪ್, ಹೊಗೆ ಫ್ಯಾನ್, ಲ್ಯಾಪ್‌ಟಾಪ್ ಎಲ್ಲ ಸೇರಿ ಸುಮಾರು 250 ವ್ಯಾಟ್. ಮೂರು ಗಂಟೆ ಮೇಲೆ ಓಡುತ್ತದೆ. ಕೆ40 ಒಂದೇ 400ರ ಆಸುಪಾಸು ಎಳೆಯುತ್ತದೆ, ನೀರು ತಣ್ಣಗೆ ಮಾಡುವ ಚಿಲ್ಲರ್ ಸೇರಿಸಿದರೆ ಮನೆ ಯುಪಿಎಸ್ ಕೈ ಎತ್ತುತ್ತದೆ. ಪ್ಯೂರ್ ಸೈನ್ ವೇವ್ ಯುಪಿಎಸ್ ಇದ್ದರೆ ಒಳ್ಳೆಯದು. ಹಳೆ ಸ್ಕ್ವೇರ್ ವೇವ್‌ನಲ್ಲಿ ಫ್ಯಾನ್, ಪಂಪ್ ಗೊಂಯ್ ಅನ್ನುತ್ತವೆ.

ಯುಪಿಎಸ್ ಯಾಕೆ ಅಷ್ಟು ಮುಖ್ಯ ಅಂದರೆ, ಕತ್ತರಿಸುವ ಮಧ್ಯೆ ಒಂದು ಸೆಕೆಂಡ್ ಕರೆಂಟು ಹೋದರೂ ಮೆಷಿನ್‌ಗೆ ತಾನು ಎಲ್ಲಿದ್ದೆ ಅನ್ನುವುದು ಮರೆತುಹೋಗುತ್ತದೆ. ಎರಡು ಗಂಟೆ ಕೆತ್ತಿದ ಹಲಗೆ ಒಲೆಗೆ.

ಅರ್ಥಿಂಗ್ ಮರೆಯಬೇಡಿ. ಹಳೆ ಮನೆಗಳಲ್ಲಿ ಮೂರನೇ ಪಿನ್ನಿನ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಕಬ್ಬಿಣದ ಪೆಟ್ಟಿಗೆಯ ಗಾಜಿನ ಟ್ಯೂಬ್ ಮೆಷಿನ್‌ಗೆ ಅರ್ಥ್ ಇಲ್ಲದಿದ್ದರೆ ಅದು ಜೀವಕ್ಕೇ ಅಪಾಯ. ಇದ್ದಿಲು, ಉಪ್ಪು ಹಾಕಿ ಗುಂಡಿ ಮಾಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಯುಎಸ್‌ಬಿ ವೈರನ್ನೂ ಕೀಳಿ.

ಯಾವ ಬೆಳಕು?

ಹವ್ಯಾಸಿಗಳು ನೋಡಬೇಕಾದದ್ದು ಎರಡೇ. ಲೋಹದ ಮೇಲೆ ಗುರುತು ಹಾಕುವ 1064 ನ್ಯಾನೋಮೀಟರ್ ಅಲೆಯುದ್ದದ ಫೈಬರ್ ಲೇಸರ್ ಬೇರೆ ದಾರಿ, ಅದನ್ನು ಬಿಡಿ.

ಒಂದು, ಡಯೋಡ್. 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು. ಮರ, ಚರ್ಮ, ರಟ್ಟು, ಬಟ್ಟೆ, ಕಪ್ಪು ಅಕ್ರಿಲಿಕ್ ಕತ್ತರಿಸುತ್ತದೆ. ಪಾರದರ್ಶಕ ಅಕ್ರಿಲಿಕ್ ಕತ್ತರಿಸುವುದಿಲ್ಲ, ಬೆಳಕು ಕಿಟಕಿ ದಾಟಿದ ಹಾಗೆ ದಾಟಿ ಹೋಗುತ್ತದೆ. ನೀಲಿ ಅಕ್ರಿಲಿಕ್ ಕೂಡ ಕಷ್ಟ. ತಂಪು ಮಾಡಲು ಒಂದು ಚಿಕ್ಕ ಫ್ಯಾನ್ ಸಾಕು, ನೀರು ಬೇಡ.

ಎರಡು, ಸಿಒ2 ಅನಿಲ ತುಂಬಿದ ಗಾಜಿನ ಟ್ಯೂಬ್. ಇದರ ಬೆಳಕು 10,600 ನ್ಯಾನೋಮೀಟರ್, ಕಣ್ಣಿಗೆ ಕಾಣುವುದೇ ಇಲ್ಲ. ಅಕ್ರಿಲಿಕ್ ಯಾವ ಬಣ್ಣದ್ದಾದರೂ ಕತ್ತರಿಸುತ್ತದೆ, ಅಂಚು ಗಾಜಿನ ಹಾಗೆ ಹೊಳೆಯುತ್ತದೆ. ಕೆಲಸದಲ್ಲಿ ಡಯೋಡ್‌ಗಿಂತ ಇದೇ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಟ್ಯೂಬ್ ಸದಾ ನೀರಲ್ಲಿ ತಂಪಾಗಿರಬೇಕು. ಬಳಸದೆ ಇಟ್ಟರೂ ಒಳಗಿನ ಅನಿಲ ನಿಧಾನಕ್ಕೆ ಕೆಡುತ್ತದೆ, ಹಾಗಾಗಿ "ಒಂದು ಟ್ಯೂಬ್ ಸ್ಪೇರ್ ಇಟ್ಟುಕೊಳ್ಳೋಣ" ಅನ್ನುವ ಉಪಾಯವೂ ನಡೆಯುವುದಿಲ್ಲ.

ಮಲೆನಾಡಿನ ತೊಂದರೆ ಇರುವುದು ಆ ನೀರಿನಲ್ಲೇ. ಟ್ಯೂಬಿಗೆ ಸಾಮಾನ್ಯವಾಗಿ 15ರಿಂದ 25 ಡಿಗ್ರಿ ನೀರು ಒಳ್ಳೆಯದು ಅನ್ನುತ್ತಾರೆ. ಮಳೆಗಾಲದಲ್ಲಿ ಮನೆಯೊಳಗೆ 26 ಡಿಗ್ರಿ, ತೇವ ನೂರಕ್ಕೆ 90 ಇದ್ದರೆ 24 ಡಿಗ್ರಿಗೇ ಗಾಳಿ ಬೆವರುತ್ತದೆ. ತಂಬಿಗೆಯಲ್ಲಿ ತಣ್ಣೀರು ಇಟ್ಟರೆ ಹೊರಗೆ ಹನಿ ಕಟ್ಟುವುದಿಲ್ಲವೇ, ಟ್ಯೂಬ್ ಮೇಲೂ ಹಾಗೇ. ಅಲ್ಲಿ ಹರಿಯುತ್ತಿರುವುದು ಸಾವಿರಾರು ವೋಲ್ಟ್. ನನ್ನ ಟ್ಯೂಬ್ ಸತ್ತದ್ದು ಹೀಗೆ. ಚಿಲ್ಲರ್ 18ಕ್ಕೆ ಇಟ್ಟು, ತಂಪಾದಷ್ಟೂ ಒಳ್ಳೆಯದು ಅಂದುಕೊಂಡು ಕೂತಿದ್ದೆ. ಮಳೆಗಾಲದಲ್ಲಿ 25ಕ್ಕೆ ಇಡಬೇಕಿತ್ತು. ಬೇಸಿಗೆಯಲ್ಲಿ ಇದಕ್ಕೆ ಉಲ್ಟಾ. ಚಿಲ್ಲರ್ ಬದಲು ಬಕೆಟ್ ಇಟ್ಟರೆ ನೀರು 30 ದಾಟುತ್ತದೆ, ಐಸ್ ಬಾಟ್ಲಿ ಮುಳುಗಿಸುತ್ತ ಕೂರಬೇಕು. ಸಿಡಬ್ಲ್ಯು-3000 ಅಂತ ಅಗ್ಗದ ಪೆಟ್ಟಿಗೆ ಚಿಲ್ಲರ್ ಹೆಸರಲ್ಲಿ ಸಿಗುತ್ತದೆ. ಅದು ಕಾರಿನ ರೇಡಿಯೇಟರ್ ಇದ್ದ ಹಾಗೆ, ಕೋಣೆಯ ಶಾಖಕ್ಕಿಂತ ಕೆಳಗೆ ಇಳಿಸಲಾರದು. ನಿಜವಾಗಿ ತಂಪು ಮಾಡುವುದು ಕಂಪ್ರೆಸರ್ ಇರುವ ಸಿಡಬ್ಲ್ಯು-5000, ಅದರ ಮೇಲಿನವು. ಬಾವಿ ನೀರು ಹಾಕಬೇಡಿ, ಪಾಚಿ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ.

ನನ್ನ ತೀರ್ಪು ಇಷ್ಟು. ರಸ್ತೆ, ಕರೆಂಟು, ಮಳೆ ಮೂರೂ ನಮ್ಮಲ್ಲಿ ಇದ್ದ ಹಾಗೆ ಇದ್ದರೆ ಮೊದಲ ಮೆಷಿನ್ ಡಯೋಡ್ ಆಗಿರಲಿ. ಪಾರದರ್ಶಕ ಅಕ್ರಿಲಿಕ್ ಬೇಕಾದಾಗ ಶಿವಮೊಗ್ಗದ ಬಸ್ ಇದ್ದೇ ಇದೆ. ಅಕ್ರಿಲಿಕ್ಕೇ ನಿಮ್ಮ ಮುಖ್ಯ ಕೆಲಸವಾದರೆ ಮಾತ್ರ ಟ್ಯೂಬಿನ ಸಹವಾಸ ಮಾಡಿ. ಆಗ ಸ್ಟೆಬಿಲೈಸರ್, ಅರ್ಥಿಂಗ್, ಕಂಪ್ರೆಸರ್ ಚಿಲ್ಲರ್ ಮೂರರ ದುಡ್ಡನ್ನೂ ಮೆಷಿನ್ ಬೆಲೆಗೆ ಸೇರಿಸಿ ನೋಡಿ.

ವ್ಯಾಟ್ ಓದುವ ಬಗೆ

ಜಾಹೀರಾತಿನ "80 ವ್ಯಾಟ್" ನಂಬಬೇಡಿ. ಅದು ಎಷ್ಟೋ ಸಲ ಗೋಡೆಯಿಂದ ಎಳೆಯುವ ಕರೆಂಟಿನ ಲೆಕ್ಕ. ನಿಮಗೆ ಬೇಕಾದದ್ದು ಆಪ್ಟಿಕಲ್ ಔಟ್‌ಪುಟ್, ಅಂದರೆ ಬೆಳಕಾಗಿ ಹೊರಬರುವ ವ್ಯಾಟ್. ಒಂದೊಂದು ನೀಲಿ ಡಯೋಡ್ ಕೊಡುವುದು 5 ವ್ಯಾಟ್ ಚಿಲ್ಲರೆ. ಎರಡು ಸೇರಿಸಿದರೆ 10, ನಾಲ್ಕಕ್ಕೆ 20, ಎಂಟಕ್ಕೆ 40. ಹಾಗಾಗಿ "ಒಳಗೆ ಎಷ್ಟು ಡಯೋಡ್ ಇದೆ?" ಅಂತ ಕೇಳಿ. ಉತ್ತರ ಬರದಿದ್ದರೆ ಅಂಗಡಿ ಬದಲಿಸಿ.

5 ವ್ಯಾಟ್ ಕೆತ್ತನೆಗೆ ಸರಿ, ಕತ್ತರಿಸಲು ಒಂದೇ ಗೆರೆಯ ಮೇಲೆ ಹಲವು ಸಲ ಓಡಿಸಬೇಕು. 10 ವ್ಯಾಟ್ 3 ಮಿಲಿಮೀಟರ್ ಪ್ಲೈವುಡ್ಡನ್ನು ನಿಧಾನವಾಗಿ ಒಂದೇ ಸಲಕ್ಕೆ ದಾಟುತ್ತದೆ. 20 ವ್ಯಾಟ್ ಹಳ್ಳಿಮನೆಗೆ ಹದವಾದದ್ದು. 40 ಬೇಕೆನ್ನುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಅದರ ಬೆಳಕಿನ ಚುಕ್ಕೆ ಸ್ವಲ್ಪ ದಪ್ಪ, ಸಣ್ಣ ಅಕ್ಷರ ಅಷ್ಟು ಚೊಕ್ಕ ಬರುವುದಿಲ್ಲ.

ಪ್ಲೈವುಡ್‌ನಲ್ಲೂ ಮೋಸ ಇದೆ. ನೀರಿಗೆ ಗಟ್ಟಿ ಅಂತ ಕೊಡುವ ಬಿಡಬ್ಲ್ಯುಪಿ ಪ್ಲೈನ ಫಿನಾಲಿಕ್ ಅಂಟು ಲೇಸರ್‌ಗೆ ಬಗ್ಗುವುದಿಲ್ಲ, ಕರಕಲಾಗಿ ನಿಂತುಬಿಡುತ್ತದೆ. ಮಾಮೂಲಿ ಎಂಆರ್ ಗ್ರೇಡ್ ಸುಲಭ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಚೆನ್ನಾಗಿ ಕತ್ತರಿಸಬಹುದು, ಜುಲೈ ಬಂದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಹಲಗೆಗಳನ್ನು ನಾನು ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಶಾಖ ತಾಗುವ ಕಡೆ ಒಣಗಿಸಿಡುತ್ತೇನೆ.

ಮೆಷಿನ್ ಬರುವ ದಾರಿ ಅಳೆಯಿರಿ

ತೆರೆದ ಚೌಕಟ್ಟಿನ ಡಯೋಡ್ ಮೆಷಿನ್ ಬಿಡಿಬಿಡಿಯಾಗಿ ಚಪ್ಪಟೆ ಪೆಟ್ಟಿಗೆಯಲ್ಲಿ ಬರುತ್ತದೆ, ಒಬ್ಬರೇ ಬಸ್ಸಿನಲ್ಲಿ ತರಬಹುದು. ಕೆ40ಗೆ ಇಬ್ಬರು ಬೇಕು. ಅದಕ್ಕಿಂತ ದೊಡ್ಡ ಟ್ಯೂಬ್ ಮೆಷಿನ್‌ಗೆ ಜೀಪು, ನಾಲ್ಕು ಆಳು. ಆಮೇಲೆ ಮನೆ ಬಾಗಿಲು. ಹಳೆ ಮನೆಯ ಬಾಗಿಲು ತಗ್ಗು, ಕಿರಿದು. ಟೇಪ್ ಹಿಡಿದು ಅಳೆಯಿರಿ. ನಮ್ಮ ಪಕ್ಕದೂರಿನವರೊಬ್ಬರ ಮೆಷಿನ್ ಎರಡು ವರ್ಷದಿಂದ ಕೊಟ್ಟಿಗೆಯಲ್ಲೇ ಇದೆ, ಒಳಗೆ ಹೋಗಲೇ ಇಲ್ಲ.

ವಿದೇಶದಿಂದ ನೇರ ತರಿಸಿದರೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ. ಕೆಟ್ಟರೆ ವಾಪಸ್ ಕಳಿಸುವ ಖರ್ಚು ಅರ್ಧ ಮೆಷಿನ್ ಬೆಲೆ ಆದೀತು. ದೇಶದೊಳಗೆ ಬಿಲ್ ಕೊಡುವವರ ಹತ್ತಿರವೇ ಕೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಸರಿ. ಪೆಟ್ಟಿಗೆ ಬಿಚ್ಚುವ ಮುಂಚೆಯೇ ವಿಡಿಯೋ ಶುರು ಮಾಡಿ, ಚೀಟಿ ಕಾಣಲಿ, ಕೊನೆತನಕ ನಿಲ್ಲಿಸಬೇಡಿ. ಒಡೆದ ಟ್ಯೂಬಿನ ಜಗಳದಲ್ಲಿ ನನ್ನ ಕೈಯಲ್ಲಿ ಅಂಥದ್ದೊಂದು ವಿಡಿಯೋ ಇರಲಿಲ್ಲ.

ಇಂಟರ್ನೆಟ್ ಇಲ್ಲದೆ ಓಡಬೇಕು

ಕೆಲವು ಮೆಷಿನ್‌ಗಳು ಕತ್ತರಿಸುವ ಫೈಲನ್ನು ಕಂಪನಿಯ ಸರ್ವರ್‌ಗೆ ಕಳಿಸಿ, ಅಲ್ಲಿಂದ ಸಿದ್ಧವಾಗಿ ಬಂದಮೇಲೇ ಕೆಲಸ ಮಾಡುತ್ತವೆ. ಅಮೆರಿಕದ ಗ್ಲೋಫೋರ್ಜ್ ಅಂಥದ್ದು. ಬೆಂಗಳೂರಿನಲ್ಲಿ ಸರಿ. ಮಳೆಗೆ ಟವರ್ ಸತ್ತರೆ ನಾಲ್ಕು ದಿನ ನೆಟ್ ಇಲ್ಲದ ಊರಿನಲ್ಲಿ ಅದು ದುಬಾರಿ ಡಬ್ಬ. ಮೊಬೈಲ್ ಆಪ್‌ನಲ್ಲಿ ಲಾಗಿನ್ ಆದರೆ ಮಾತ್ರ ಓಡುವ ಮೆಷಿನ್ ಕೂಡ ಬೇಡ.

ಮೆಷಿನ್ ಓಡಿಸುವ ಬೋರ್ಡ್, ಅಂದರೆ ಕಂಟ್ರೋಲರ್, ಜಿಆರ್‌ಬಿಎಲ್‌ನದ್ದಾಗಿರಲಿ. ಅದು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ. ಕಂಪನಿ ಮುಚ್ಚಿದರೂ ಬೇರೆ ಬೋರ್ಡ್ ಹಾಕಿ ಓಡಿಸಬಹುದು. ಕಂಪ್ಯೂಟರ್‌ನಿಂದ ಮೆಷಿನ್‌ಗೆ ಕೆಲಸ ಕಳಿಸುವ ತಂತ್ರಾಂಶಗಳಲ್ಲಿ, ವಿಂಡೋಸ್‌ನ ಲೇಸರ್‌ಜಿಆರ್‌ಬಿಎಲ್ ಉಚಿತ. ಲೈಟ್‌ಬರ್ನ್‌ಗೆ ದುಡ್ಡು ಕೊಡಬೇಕು, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ, ನೆಟ್ ಇಲ್ಲದ ಕಂಪ್ಯೂಟರ್‌ನಲ್ಲೂ ಲೈಸೆನ್ಸ್ ಹಾಕಿಕೊಳ್ಳಲು ದಾರಿ ಇದೆ. ಇನ್‌ಸ್ಟಾಲ್ ಮಾಡುವ ಫೈಲ್‌ಗಳು, ಸಿಎಚ್340 ಯುಎಸ್‌ಬಿ ಡ್ರೈವರ್, ಮೆಷಿನ್‌ನ ಮ್ಯಾನುಯಲ್, ಜಿಆರ್‌ಬಿಎಲ್ ಸೆಟಿಂಗ್‌ಗಳ ಪ್ರತಿ ಎಲ್ಲ ಒಂದು ಪೆನ್‌ಡ್ರೈವ್‌ನಲ್ಲಿ ಇರಲಿ.

ಕನ್ನಡ ಅಕ್ಷರ ಕೆತ್ತುವವರಿಗೆ ಒಂದು ಮಾತು. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು ಅಕ್ಷರವನ್ನು ಪಾತ್ (ಬರೀ ಗೆರೆಗಳು) ಮಾಡಿ ಕಳಿಸಿ, ಒತ್ತಕ್ಷರ ಒಡೆಯುವ ಭಯ ಇರುವುದಿಲ್ಲ. ಕತ್ತರಿಸಿ ತೂತು ಮಾಡುವ ಫಲಕದಲ್ಲಿ 'ಠ', 'ರ', ಸೊನ್ನೆ ಇವುಗಳ ನಡುವಿನ ಚೂರು ಉದುರಿಹೋಗುತ್ತದೆ, ಸಣ್ಣ ಸೇತುವೆ ಬಿಡಬೇಕು. ನನ್ನ ಮೊದಲ ಫಲಕದಲ್ಲಿ ಮನೆ ಹೆಸರಿನ ಬದಲು ಬರೀ ತೂತುಗಳಿದ್ದವು.

ಬಿಡಿಭಾಗದ ಡಬ್ಬಿ

ಕೈಯಲ್ಲಿ 100 ರೂಪಾಯಿ ಇದ್ದರೆ ಮೆಷಿನ್‌ಗೆ 65ಕ್ಕಿಂತ ಜಾಸ್ತಿ ಹಾಕಬೇಡಿ. ಉಳಿದದ್ದು ಹೊಗೆ ಪೈಪು, ಕನ್ನಡಕ, ಬಿಡಿಭಾಗಕ್ಕೆ.

ಒಂದು ಪರೀಕ್ಷೆ ಇದೆ. ಮೆಷಿನ್ ಚಿತ್ರ ಮುಂದಿಟ್ಟುಕೊಂಡು ಒಂದೊಂದು ಭಾಗಕ್ಕೂ "ಇದು ಬೇರೆ ಎಲ್ಲಾದರೂ ಸಿಗುತ್ತಾ?" ಅಂತ ಕೇಳಿ. ಜಿಟಿ2 ಬೆಲ್ಟ್, ನೆಮಾ 17 ಮೋಟರ್, ಪ್ಲಾಸ್ಟಿಕ್ ಗಾಲಿಗಳು 3ಡಿ ಪ್ರಿಂಟರ್‌ಗಳಲ್ಲೂ ಇರುವಂಥವು, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. 24 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಎಲ್‌ಇಡಿ ಬೋರ್ಡ್ ಮಾಡುವವರ ಹತ್ತಿರ ಇರುತ್ತದೆ. ಆ ಕಂಪನಿಯೇ ಕೊಡಬೇಕಾದದ್ದು ಲೇಸರ್ ತಲೆ ಒಂದೇ ಆಗಿದ್ದರೆ ಆ ಮೆಷಿನ್ ನಮಗೆ ಸರಿ. ತಲೆ ಒಂದು ಕಿಲೋ ಒಳಗಿನ ಸಾಮಾನು, ಸ್ಪೀಡ್ ಪೋಸ್ಟ್‌ನಲ್ಲಿ ನಮ್ಮೂರ ಅಂಚೆಯಣ್ಣನ ಚೀಲದಲ್ಲೇ ಬರುತ್ತದೆ. ಸುಂದರ ಮುಚ್ಚಿದ ಪೆಟ್ಟಿಗೆಯ ಮೆಷಿನ್‌ಗಳಲ್ಲಿ ಬಾಗಿಲಿನ ಸೆನ್ಸರಿನಿಂದ ಹಿಡಿದು ಎಲ್ಲವೂ ಕಂಪನಿಯದೇ. ಒಂದು ಸೆನ್ಸರ್ ಹೋದರೆ ಮೆಷಿನ್ ಮಲಗಿತು.

ಮೊದಲ ದಿನವೇ ತರಿಸಿಡಬೇಕಾದ್ದು: ತಲೆಯ ಮುಂದಿನ ರಕ್ಷಣಾ ಗಾಜು ನಾಲ್ಕೈದು, ಬೆಲ್ಟ್ ಎರಡು ಮೀಟರ್, ತಲೆ ಅಂಚು ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ಒಂದು, ಒಂದು ಅಡಾಪ್ಟರ್, ಐಸೊಪ್ರೊಪೈಲ್ ಆಲ್ಕೋಹಾಲ್, ಹೊಲಿಗೆ ಮೆಷಿನ್ ಎಣ್ಣೆ. ಎಲ್ಲ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಇರುವೆ, ಹಲ್ಲಿ, ಇಲಿ ಮೂರನ್ನೂ ನೆನಪಿಟ್ಟುಕೊಳ್ಳಿ. ಪವರ್ ಸಪ್ಲೈ ಒಳಗೆ ಬೆಚ್ಚಗಿರುತ್ತದೆ, ಹಲ್ಲಿಗೆ ಅದು ಮನೆ. ಫ್ಯಾನಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿ.

ಹೊಗೆ, ಬೆಂಕಿ, ಕಣ್ಣು

ಇಲ್ಲಿ ಉಳಿತಾಯ ಬೇಡ. ಅಗ್ನಿಶಾಮಕ ದಳ ಪೇಟೆಯಿಂದ ಬರಬೇಕು, ನಿಮ್ಮ ಹೆಂಚಿನ ಮಾಡಿನ ಕೆಳಗೆ ಇರುವುದು ಒಣಮರ, ಅಡಿಕೆ ಸಿಪ್ಪೆ, ಕಟ್ಟಿಗೆ. ಮೆಷಿನ್ ಅಟ್ಟದಲ್ಲಿ ಬೇಡವೇ ಬೇಡ. ಸಿಮೆಂಟ್ ನೆಲದ ಕೋಣೆ, ಕೆಳಗೆ ಕಬ್ಬಿಣದ ತಗಡು. ಓಡುತ್ತಿರುವಾಗ ಬಿಟ್ಟು ಹೋಗಬಾರದು, ಹಸು ಕೂಗಿದರೂ ನಿಲ್ಲಿಸಿ ಹೋಗಿ. ಬೆಂಕಿ ಆರಿಸಲು ಸಿಒ2 ಅನಿಲದ ಸಿಲಿಂಡರ್ ಒಳ್ಳೆಯದು. ಪುಡಿಯದ್ದು ಬೆಂಕಿ ಆರಿಸುತ್ತದೆ, ಜೊತೆಗೆ ಮೆಷಿನ್ನನ್ನೂ ಮುಗಿಸುತ್ತದೆ.

ಹೊಗೆ ಪೈಪು ಯಾವ ಗೋಡೆಯಿಂದ ಹೊರಗೆ? ಮಳೆಗಾಲದ ಗಾಳಿ ಪಡುವಣದಿಂದ ಬರುತ್ತದೆ. ಪೈಪು ಮೂಡಣ ಗೋಡೆಗೆ ಇರಲಿ, ಬಾಯಿ ಕೆಳಗೆ ಬಗ್ಗಿರಲಿ. ನನ್ನದು ಮೊದಲು ಪಡುವಣಕ್ಕಿತ್ತು. ಹೊಗೆಯೂ ಎರಚಲೂ ಒಟ್ಟಿಗೆ ಒಳಗೆ ಬಂದವು.

ಕನ್ನಡಕದ ಮೇಲೆ ನಿಮ್ಮ ಲೇಸರ್‌ನ ನ್ಯಾನೋಮೀಟರ್, ಒಡಿ ಸಂಖ್ಯೆ (ಎಷ್ಟು ಬೆಳಕು ತಡೆಯುತ್ತದೆ ಅನ್ನುವ ಅಳತೆ) ಎರಡೂ ಅಚ್ಚಾಗಿರಬೇಕು. ಮೆಷಿನ್ ಜೊತೆ ಸುಮ್ನೆ ಕೊಡುವ ಹಸಿರು ಪ್ಲಾಸ್ಟಿಕ್ ನಂಬಬೇಡಿ. ಮಕ್ಕಳಿರುವ ಮನೆಯಲ್ಲಿ ಮುಚ್ಚಳದ ಡಯೋಡ್ ಮೆಷಿನ್ ತಗೊಳ್ಳಿ, ಇಲ್ಲವೇ ಬಾಗಿಲಿಗೆ ಚಿಲಕ ಹಾಕಿ. ನೀಲಿ ಬೆಳಕು ಕಂಡರೆ ಮಕ್ಕಳು ಇಣುಕುತ್ತಾರೆ.

ರೆಕ್ಸಿನ್, ಫ್ಲೆಕ್ಸ್, ಸನ್‌ಬೋರ್ಡ್ ಇವು ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್. ಲೇಸರ್ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ತೇವದ ಗಾಳಿಯಲ್ಲಿ ಅದು ಆಮ್ಲ. ಎದೆಗೂ ಕೇಡು, ಮೆಷಿನ್‌ನ ಕಬ್ಬಿಣವೂ ವಾರದಲ್ಲಿ ತುಕ್ಕು. "ಒಂದು ಸಲ ಮಾತ್ರ" ಅನ್ನುವ ನೆಂಟರಿಗೂ ಇಲ್ಲ ಅನ್ನಿ.

ಮಾರುವವರಿಗೆ ಕೇಳಬೇಕಾದ್ದು

ಫೋನಿನಲ್ಲಿ ಕೇಳಿ, ಉತ್ತರ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಮ್ಮ ಪಿನ್‌ಕೋಡ್‌ಗೆ ಮನೆತನಕ ಬರುತ್ತಾ, ಪೇಟೆತನಕವಾ? ದಾರಿಯಲ್ಲಿ ಒಡೆದರೆ ಯಾರ ಖರ್ಚು? ಲೇಸರ್ ತಲೆ ಬಿಡಿಯಾಗಿ ಈಗ ಸ್ಟಾಕ್‌ನಲ್ಲಿ ಇದೆಯಾ, ಬೆಲೆ ಎಷ್ಟು? ರಿಪೇರಿಗೆ ಪೂರ್ತಿ ಮೆಷಿನ್ ಕಳಿಸಬೇಕಾ, ತಲೆ ಮಾತ್ರ ಸಾಕಾ? ನೆಟ್ ಇಲ್ಲದೆ ಓಡುತ್ತಾ?

"ತೊಂದರೆ ಆದರೆ ವಿಡಿಯೋ ಕಾಲ್ ಮಾಡಿ ಸಾರ್, ನೋಡಿ ಹೇಳ್ತೀವಿ" ಅನ್ನುತ್ತಾರೆ. ನೆಟ್‌ವರ್ಕ್ ಇರುವುದು ಗುಡ್ಡದ ಮೇಲೆ, ಮೆಷಿನ್ ಇರುವುದು ಮನೆಯಲ್ಲಿ. ರೆಕಾರ್ಡ್ ಮಾಡಿದ ವಿಡಿಯೋ ಕಳಿಸಿದರೆ ಸಾಕಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಯಾವಾಗ ತರಿಸಬೇಕು

ಫೆಬ್ರವರಿ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡೂ ಬಿಡುವೂ ಇರುತ್ತದೆ, ರಸ್ತೆ ಒಣಗಿರುತ್ತದೆ. ಬಂದ ಮೊದಲ ತಿಂಗಳು ಕರುಣೆ ಇಲ್ಲದೆ ಓಡಿಸಿ. ಕೆಡುವ ಭಾಗ ಇದ್ದರೆ ಹೆಚ್ಚಾಗಿ ಆಗಲೇ ಕೆಡುತ್ತದೆ, ವಾರಂಟಿ ಒಳಗೇ ಬದಲಾಗುತ್ತದೆ. ಒಂದು ಎಂಆರ್ ಪ್ಲೈ ಚೂರಿನ ಮೇಲೆ ಬೇರೆ ಬೇರೆ ವೇಗ, ಬೇರೆ ಬೇರೆ ಪವರ್‌ನ ಚೌಕಗಳನ್ನು ಕೆತ್ತಿ, ದಿನಾಂಕ ಬರೆದು ಗೋಡೆಗೆ ನೇತುಹಾಕಿ. ಮಳೆ ಶುರುವಾದಮೇಲೆ ಅದೇ ಸೆಟಿಂಗ್‌ನಲ್ಲಿ ಇನ್ನೊಂದು ಕೆತ್ತಿ ಪಕ್ಕದಲ್ಲಿ ಹಿಡಿದು ನೋಡಿ. ಮಾಸಲಾಗಿದ್ದರೆ ಮೊದಲು ರಕ್ಷಣಾ ಗಾಜು ಒರೆಸಿ, ಆಮೇಲೆ ಹಲಗೆ ಒಲೆಯ ಮೇಲಿಟ್ಟು ಒಣಗಿಸಿ ನೋಡಿ. ಆಗಲೂ ಹಾಗೇ ಇದ್ದರೆ ಮಾತ್ರ ಗುಡ್ಡ ಹತ್ತಿ ಫೋನ್ ಮಾಡಿ.